ಇಬ್ಬರು ನಾಯಕರು, ಎರಡು ಕಪಾಟು

ನಮ್ಮ ಕನ್ನಡ ಸಂಘದಲ್ಲಿ ಯಾವುದಾದರೂ ಕೆಲಸ ಅಂದುಕೊಂಡ ಹಾಗೇ ನಡೆದುಬಿಟ್ಟರೆ ನನಗೆ ಅನುಮಾನ ಶುರುವಾಗುತ್ತದೆ. ಎಲ್ಲೋ ಏನೋ ಮರೆತಿದ್ದೇವೆ, ಸಂಜೆಯೊಳಗೆ ಗೊತ್ತಾಗುತ್ತದೆ ಎಂದುಕೊಂಡು ಕಾಯುತ್ತೇನೆ. ಬಹಳ ಹೊತ್ತು ಕಾಯಬೇಕಾಗಿ ಬಂದದ್ದಿಲ್ಲ.

ಡೊಂಬಿವಲಿಯ ಈ ಸಂಘಕ್ಕೆ ನಾನು ಹನ್ನೆರಡು ವರ್ಷಗಳಿಂದ ಗ್ರಂಥಪಾಲಕಿ. ಹೆಸರು ದೊಡ್ಡದು. ಇರುವುದು ಎರಡು ಕಬ್ಬಿಣದ ಕಪಾಟು ಮತ್ತು ಒಂದು ಕೋಣೆ. ಕೋಣೆಯಲ್ಲಿ ಮೂವರು ನಿಲ್ಲಬಹುದು, ನಾಲ್ಕನೆಯವರು ಬಂದರೆ ಮೊದಲನೆಯವರು ಪುಸ್ತಕ ಆರಿಸಿಯಾಯಿತೆಂದು ಅರ್ಥ. ಭಾನುವಾರ ಬೆಳಿಗ್ಗೆ ತೆರೆಯುತ್ತೇನೆ, ಮಧ್ಯಾಹ್ನ ಮುಚ್ಚುತ್ತೇನೆ.

ಈ ವರ್ಷದ ಆರಂಭದಲ್ಲಿ ನಮ್ಮ ಅಧ್ಯಕ್ಷರ ಕಣ್ಣು ಈ ಕೋಣೆಯ ಮೇಲೆ ಬಿತ್ತು. ಅವರು ಠಾಣೆಯ ವರ್ತಕ ನಗರದವರು, ಯಾವ ಮಾತನ್ನೂ "ಬಘೂಯಾ" ಎಂದು ಮರಾಠಿಯಲ್ಲೇ ಮುಗಿಸುವವರು. ನೋಡೋಣ ಎಂದರ್ಥ. ಆದರೆ ಅವರು ಅಷ್ಟರಲ್ಲಾಗಲೇ ನೋಡಿ ಆಗಿರುತ್ತದೆ.

"ಮೇಡಂ, ಸಂಘದ ಕುರ್ಚಿ ಇಡೋಕೆ ಜಾಗಾನೇ ಇಲ್ಲ. ಪಕ್ಕದ ಹೌಸಿಂಗ್ ಸೊಸೈಟಿಯೋರು ಅವರ ಪಾರ್ಕಿಂಗ್‌ನಿಂದ ತೆಗೀರಿ ಅಂತಿದಾರೆ. ನಿಮ್ಮ ಲೈಬ್ರರಿಗೆ ಜನ ಎಲ್ಲಿ ಬರ್ತಾರೆ? ಒಂದು ಪ್ರೋಗ್ರಾಂ ಮಾಡಿ ತೋರಿಸಿ. ಮೂವತ್ತು ಜನ ಬಂದ್ರೆ ಕಪಾಟು ಇರಲಿ. ಇಲ್ಲಾಂದ್ರೆ ಪುಸ್ತಕ ಎಲ್ಲಾ ಎಲ್ಲಿಗಾದ್ರೂ ದಾನ ಮಾಡೋಣ. ಬಘೂಯಾ."

ದಾನ ಎಂದರೆ ರದ್ದಿ ಅಂಗಡಿ ಎಂದು ನನಗೆ ಗೊತ್ತಿತ್ತು. ಆ ಕಪಾಟುಗಳ ಒಂದೊಂದು ಪುಸ್ತಕಕ್ಕೂ ಖಾಕಿ ರಟ್ಟು ಹಾಕಿ, ಬೆನ್ನ ಮೇಲೆ ನಂಬರು ಬರೆದವಳು ನಾನೇ. ಸೀಮೆಗಿಲ್ಲದ ಸಂಘದಲ್ಲಿ ನನ್ನದು ಅಂತ ಇದ್ದದ್ದು ಅಷ್ಟೇ.

ಕಾರ್ಯಕ್ರಮಕ್ಕೆ ಎರಡು ಕಾದಂಬರಿ ಆರಿಸಿದೆ. ಎರಡೂ ಎಷ್ಟು ಓಡಾಡಿದ್ದವೆಂದರೆ ಮೊದಲ ಪುಟಗಳೇ ಹರಿದುಹೋಗಿ, ಯಾರು ಬರೆದದ್ದು, ಹೆಸರೇನು ಎಂಬುದು ಯಾರಿಗೂ ನೆನಪಿಲ್ಲ. ಒಂದನ್ನು ಎಲ್ಲರೂ ಕೋಟೆ ಪುಸ್ತಕ ಎನ್ನುತ್ತಾರೆ. ಮಂತ್ರವಾದಿಗಳೇ ತುಂಬಿದ ಕೋಟೆ, ಅದರಲ್ಲಿ ಒಂದು ಮಂತ್ರವೂ ಬಾರದ ಕಿವುಡ ಬಾಗಿಲು ಕಾಯುವವನು. ವೈರಿ ಮಾಟಗಾತಿ ಹಾಡಿದಾಗ ಕೇಳಿದವರೆಲ್ಲ ನಿದ್ದೆಹೋಗುತ್ತಾರೆ. ಇವನಿಗೆ ಕೇಳಿಸುವುದಿಲ್ಲ, ಎದ್ದುಹೋಗಿ ಬಾಗಿಲು ಹಾಕುತ್ತಾನೆ. ಇನ್ನೊಂದು ರಾಕೆಟ್ ಪುಸ್ತಕ. ಸಾವಿರ ವಿಜ್ಞಾನಿಗಳ ಹಡಗು ನಕ್ಷತ್ರಗಳ ಕಡೆ ಹೊರಟಿರುತ್ತದೆ. ಎಸಿಯ ತಂಪಿನಲ್ಲೂ ಒಂದೇ ರಾತ್ರಿಗೆ ಹುದುಗಿದ ದೋಸೆ ಹಿಟ್ಟು ಪಾತ್ರೆಯ ಒಂದೇ ಪಕ್ಕಕ್ಕೆ ಉಬ್ಬಿದ್ದನ್ನು ಕಂಡು, ಹಡಗು ದಾರಿ ತಪ್ಪಿದೆ ಎಂದು ಅಡುಗೆಯಾಕೆ ಹೇಳುತ್ತಾಳೆ. ಯಾರೂ ಕೇಳುವುದಿಲ್ಲ. ಕೊನೆಗೆ ಅವಳೇ ಸರಿ.

ಎಲ್ಲರೂ ಕೈಬಿಟ್ಟ ಈ ಇಬ್ಬರನ್ನು ಹೋಲಿಸಿ ಒಂದು ಗಂಟೆ ಮಾತಾಡುವುದೆಂದು ಗೊತ್ತುಮಾಡಿಕೊಂಡೆ. ಮುಂದಿನದು ನನ್ನ ಕೈಯಲ್ಲಿ ಉಳಿಯಲಿಲ್ಲ.

೧. ತೆಳ್ಳಗಿನ ಪುಸ್ತಕ

ಕಡೆಗಣಿಸುವುದರ ಬಗ್ಗೆ ಭಾಷಣ ಮಾಡುವ ಯೋಗ್ಯತೆ ನನಗೆಷ್ಟಿತ್ತು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹನ್ನೊಂದು ವರ್ಷದ ಹಿಂದೆ ಒಬ್ಬ ಮೇಸ್ತ್ರಿ ಲೈಬ್ರರಿಗೆ ಬಂದ. ಕಲಬುರಗಿ ಕಡೆಯವನು, ಕಲ್ಯಾಣ ಪೂರ್ವದಲ್ಲಿ ಮನೆ, ನವಿ ಮುಂಬಯಿಯಲ್ಲಿ ಸ್ಲ್ಯಾಬ್ ಹಾಕಿಸುವ ಕೆಲಸ. ಮೊಣಕೈವರೆಗೆ ಸಿಮೆಂಟು. ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಲ್ಲೇ ನಿಂತು, "ಅಕ್ಕೋರ, ಇಲ್ಲಿ ಕನ್ನಡ ಪುಸ್ತಕ ಸಿಗ್ತಾವಂತಲ್ರಿ?" ಎಂದ.

ನಾನು ಅವನ ಮುಖ ನೋಡಲಿಲ್ಲ, ಕೈ ನೋಡಿದೆ. ಕೈ ನೋಡಿ ಕೆಳಗಿನ ಅರೆಯಿಂದ ಒಂದು ತೆಳ್ಳಗಿನ ಪುಸ್ತಕ ತೆಗೆದುಕೊಟ್ಟೆ. ಬಾಲ ಕಳೆದುಕೊಂಡ ಅಳಿಲಿನ ಕಥೆ. ಹದಿನಾರು ಪುಟ, ಪುಟಕ್ಕೆ ಎರಡು ಸಾಲು, ಉಳಿದದ್ದೆಲ್ಲ ಚಿತ್ರ. ಸಾಲದ್ದಕ್ಕೆ, "ನಿಧಾನಕ್ಕೆ ಓದಿ, ಅವಸರ ಏನಿಲ್ಲ" ಎಂದೂ ಹೇಳಿದೆ. ಆ ದನಿ ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಮುಂದಿನ ಭಾನುವಾರ ಪುಸ್ತಕವನ್ನು ಪೇಪರಿನಲ್ಲಿ ಸುತ್ತಿಕೊಂಡು ತಂದ. "ಭಾಳ ಛಲೋ ಅದ್ರಿ. ಮಗಳಿಗಿ ಓದಿ ಹೇಳ್ದೆ, ಹೊಟ್ಟಿ ಹಿಡ್ಕೊಂಡು ನಕ್ಕಳು."

"ಸಂತೋಷ" ಎಂದು ನಾನು ಅದೇ ಅರೆಗೆ ಮತ್ತೆ ಕೈಹಾಕಿದೆ.

"ಇಲ್ರಿ ಅಕ್ಕೋರ" ಎಂದ ಮೇಸ್ತ್ರಿ. "ಮಗಳಿಂದು ಆಯ್ತು. ಈಗ ನನಗೊಂದು ಕೊಡ್ರಿ."

೨. ಉಪನ್ಯಾಸ

ಕಾರ್ಯಕ್ರಮಕ್ಕೆ ಪೋಸ್ಟರ್ ಬೇಕಿತ್ತು. ನಮ್ಮ ಪಕ್ಕದ ಮನೆಯ ಹುಡುಗಿ ಐರೋಲಿಯ ಕಂಪನಿಯೊಂದರಲ್ಲಿ ಅದೇ ಕೆಲಸ ಮಾಡುತ್ತಾಳೆ. ಹುಟ್ಟಿದ್ದು ಬೆಳೆದದ್ದು ಇಲ್ಲೇ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ, ಅವಳ ಅಮ್ಮ ಬೈದರೆ ಮರಾಠಿಯಲ್ಲಿ ಅಳುತ್ತಾಳೆ. ಒಳ್ಳೆಯ ಹುಡುಗಿ.

ಅವಳಿಗೆ ಫೋನಿನಲ್ಲಿ ದನಿ ಮುದ್ರಿಸಿ ಕಳಿಸಿದೆ: "ಕಡೆಗಣಿಸಲ್ಪಟ್ಟ ಇಬ್ಬರು ನಾಯಕರು. ನನ್ನ ಉಪನ್ಯಾಸ. ಭಾನುವಾರ ಹನ್ನೊಂದಕ್ಕೆ, ಸಂಘದ ಸಭಾಗೃಹದಲ್ಲಿ. ಎಲ್ಲರಿಗೂ ಸ್ವಾಗತ."

ಸಂಜೆಯೊಳಗೆ ಪೋಸ್ಟರ್ ಸಂಘದ ಗುಂಪಿನಲ್ಲಿ ಬಂತು. ಬಣ್ಣ ಚೆನ್ನಾಗಿತ್ತು. ನನ್ನ ಫೋಟೋ ಹತ್ತು ವರ್ಷ ಹಳೆಯದು, ಅದಕ್ಕೂ ನನ್ನ ಆಕ್ಷೇಪವಿರಲಿಲ್ಲ. ಕೆಳಗೆ ಹೀಗೆ ಬರೆದಿತ್ತು: "ನಮ್ಮ ಗ್ರಂಥಪಾಲಕಿಯವರ ಕಾದಂಬರಿ: ಕಡೆಗಣಿಸಲ್ಪಟ್ಟ ಇಬ್ಬರು ನಾಯಕರು."

ಓಡಿಹೋಗಿ ಕೇಳಿದೆ. "ಇದೇನಮ್ಮಾ, ನಾನು ಉಪನ್ಯಾಸ ಅಂದದ್ದಲ್ವಾ?"

"ಹಾಂ ಆಂಟಿ, ಲೇಕಿನ್ ಉಪನ್ಯಾಸ್ ತೋ ಹಿಂದಿ ಹೈ ನಾ? ಮಮ್ಮೀಗೆ ಕೇಳ್ದೆ, ನಾವೆಲ್‌ಗೆ ಕನ್ನಡದಲ್ಲಿ ಏನಂತಾರೆ ಅಂತ. ಕಾದಂಬರಿ ಅಂದ್ಳು. ಮೈನೆ ಶುದ್ಧ ಕನ್ನಡ ಕರ್ ದಿಯಾ."

ಕನ್ನಡದಲ್ಲಿ ಭಾಷಣವಾದ ಉಪನ್ಯಾಸ ಹಿಂದಿಯಲ್ಲಿ ಕಾದಂಬರಿಯಾಗುತ್ತದೆ ಎಂಬುದು ನನಗೆ ಹೊಳೆದಿರಲೇ ಇಲ್ಲ. ಅವಳು ನನ್ನ ಕನ್ನಡ ತಿದ್ದಿದ ಖುಷಿಯಲ್ಲಿದ್ದಳು, ಬೈಯಲು ಬಾಯಿ ಬರಲಿಲ್ಲ. ಗುಂಪಿನಲ್ಲಿ ನಾನೇ ತಿದ್ದುಪಡಿ ಹಾಕಿದೆ. ಅದು ಅಭಿನಂದನೆಗಳ ಕೆಳಗೆ ಹೂತುಹೋಯಿತು. ಎರಡು ದಿನದಲ್ಲಿ ನಲವತ್ತು ಜನ ಕೈಮುಗಿದ ಚಿತ್ರ ಕಳಿಸಿದರು. ನಮ್ಮ ಕಟ್ಟಡದ ಮೂರನೇ ಮಹಡಿಯವರು ಲಿಫ್ಟಿನಲ್ಲಿ ಸಿಕ್ಕಿ, ಕಾದಂಬರಿ ಓದಿದೆ, ತುಂಬ ಹಿಡಿಸಿತು ಎಂದರು.

ಬರೆಯದೇ ಇದ್ದ ಕಾದಂಬರಿಯ ಬಗ್ಗೆ ಕೇಳುವ ಚಪಲ ನನಗೂ ಇತ್ತು. "ಏನಾದರೂ ಕೊರತೆ ಕಂಡಿತೇ?" ಎಂದೆ.

ಅವರು ತಮ್ಮ ಮಹಡಿ ಬರುವವರೆಗೆ ಯೋಚಿಸಿದರು. "ಕೊನೆ ಸ್ವಲ್ಪ ಅವಸರ ಆಯ್ತು" ಎಂದು ಇಳಿದುಹೋದರು.

೩. ನಾಯಕರು

ಕಥೆಯ ನಾಯಕನೂ ನಾಯಕನೇ, ಸಂಘದ ನಾಯಕನೂ ನಾಯಕನೇ. ಕನ್ನಡದ ಈ ಬಡತನ ನನಗೆ ಅರ್ಥವಾದದ್ದು ಮೂರನೇ ದಿನ, ನಮ್ಮ ಮಾಜಿ ಅಧ್ಯಕ್ಷರು ಕಲ್ಯಾಣದಿಂದ ಫೋನ್ ಮಾಡಿದಾಗ. ಒಂಬತ್ತು ವರ್ಷ ಸಂಘ ಆಳಿದವರು. ಆರು ವರ್ಷದ ಹಿಂದೆ ಅವರಿಗೆ ಶಾಲು ಹೊದಿಸಿ ಮನೆಗೆ ಕಳಿಸಿದ್ದರು. ಕಿವಿಗೆ ಯಂತ್ರ ಹಾಕುತ್ತಾರೆ. ಸಭೆಯಲ್ಲಿ ದೂರು ಶುರುವಾದ ತಕ್ಷಣ ತೆಗೆದು ಜೇಬಿಗೆ ಹಾಕುವುದು ಅವರ ಆಡಳಿತದ ರೀತಿಯಾಗಿತ್ತು.

"ಮೇಡಂ, ಪೋಸ್ಟರ್ ನೋಡ್ದೆ. ಕೊನೆಗೂ ಒಬ್ರು ಬರೆದ್ರಲ್ಲ."

"ಸಾರ್, ಅದು ಕಾದಂಬರಿಯಲ್ಲ."

"ನನಗ್ಗೊತ್ತಿಲ್ವಾ? ಎಲ್ಲಾ ನಡೆದಿದ್ದೇ ಅಲ್ವಾ."

"ಹಾಗಲ್ಲ ಸಾರ್..."

"ಹೆದರ್ಬೇಡಿ, ನಾನಿದೀನಿ. ಮೂವತ್ತು ಜನ ಕರ್ಕೊಂಡು ಬರ್ತೀನಿ. ಅದಿರಲಿ, ಇನ್ನೊಬ್ಬ ನಾಯಕ ಯಾರು?"

ಮೂವತ್ತು ಎಂಬ ಶಬ್ದ ಕೇಳಿದ ಮೇಲೆ ನನ್ನ ಪ್ರಾಮಾಣಿಕತೆ ಸ್ವಲ್ಪ ಕುಂಟತೊಡಗಿತು. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟೆ. "ಅಡುಗೆಯವರು ಸಾರ್."

"ಗೊತ್ತಾಯ್ತು ಬಿಡಿ" ಎಂದರು. "ಅವರ ಪಕ್ಕ ಮಾತ್ರ ನನ್ನ ಕೂರಿಸ್ಬೇಡಿ."

ಅವರು ಯಾರೆಂದುಕೊಂಡರೋ ಆ ಮಾಜಿ ಕಾರ್ಯದರ್ಶಿಯ ಫೋನು, ಸುದ್ದಿ ಹೇಗೋ ಮುಟ್ಟಿ, ಮಧ್ಯಾಹ್ನವೇ ಬಂತು. ಉಡುಪಿ ಕಡೆಯವರು, ಕೋಪರಖೈರಣೆಯಲ್ಲಿ ಹೋಟೆಲು. ಅಧ್ಯಕ್ಷರಾಗುವ ಆಸೆಯಿತ್ತು. "ನೀವಿಲ್ಲದೆ ಸಂಘದ ಊಟ ನಡೆಯೋದಿಲ್ಲ" ಎಂದು ಹೊಗಳಿ ಹೊಗಳಿ ಅವರನ್ನು ಊಟದ ಸಮಿತಿಯಲ್ಲೇ ಕೂಡಿಹಾಕಿದ್ದರು. ರಾಜ್ಯೋತ್ಸವಕ್ಕೆ ಹೋಳಿಗೆಯೋ ಪಾಯಸವೋ ಎಂಬ ಪ್ರಶ್ನೆಯಲ್ಲಿ ಇಬ್ಬರು ಮಾಜಿಗಳಿಗೂ ಮಾತು ಬಿಟ್ಟುಹೋಗಿ ಆರು ವರ್ಷ.

"ಎಂತ ಮೇಡಂ, ನನ್ನ ಬಗ್ಗೆ ಬರೆದಿದ್ದೀರಂತೆ. ಒಂದು ಮಾತು ಹೇಳ್ಲಿಲ್ಲ ನೀವು. ಇರ್ಲಿ, ಇನ್ನೊಬ್ಬ ಯಾರು?"

"ಒಬ್ಬ ಕಿವುಡ ಬಾಗಿಲು ಕಾಯೋನು."

ಆ ಕಡೆ ಅವರು ನಗು ತಡೆಯಲಾರದೆ ಕೆಮ್ಮಿದ ಹಾಗೆ ಕೇಳಿಸಿತು. "ನೀವು ಭಾರೀ ಧೈರ್ಯದವರು ಮಾರಾಯ್ರೆ. ನಮ್ಮ ಕಡೆಯಿಂದ ಇಪ್ಪತ್ತೈದು ಜನ. ಕಾಫಿ ನನ್ನದು."

೪. ಮೆಗಾಬ್ಲಾಕ್

ಮೂವತ್ತೈದು ವರ್ಷ ಡೊಂಬಿವಲಿಯಲ್ಲಿ ಬದುಕಿದವಳು, ಭಾನುವಾರ ಹನ್ನೊಂದಕ್ಕೆ ಕಾರ್ಯಕ್ರಮ ಇಟ್ಟೆ. ಭಾನುವಾರ ಬೆಳಿಗ್ಗೆ ಮೆಗಾಬ್ಲಾಕ್ ಎಂದು ಲೋಕಲ್ ರೈಲು ನಿಲ್ಲಿಸಿ ಹಳಿ ರಿಪೇರಿ ಮಾಡುತ್ತಾರೆಂಬುದು ಇಲ್ಲಿ ಹಸುಗೂಸಿಗೂ ಗೊತ್ತು. ಪುಸ್ತಕಗಳನ್ನು ನಿಜವಾಗಿ ಓದಿದ್ದ ಏಳು ಜನ ಠಾಣೆ, ಮುಂಬ್ರಾ ಸ್ಟೇಶನ್‌ಗಳಲ್ಲಿ ಸಿಕ್ಕಿಬಿದ್ದರು. ಕಾರಿದ್ದವರು ಬಂದರು. ಅಂದರೆ ಇಬ್ಬರು ಮಾಜಿಗಳ ಎರಡು ಪಡೆಗಳು ಬಂದು, ನಡುವೆ ದಾರಿ ಬಿಟ್ಟು, ಮದುವೆಯ ಗಂಡಿನ ಕಡೆ ಹೆಣ್ಣಿನ ಕಡೆಯವರಂತೆ ಕೂತವು. ಕುರ್ಚಿ ನಲವತ್ತು, ಜನ ಅರವತ್ತರ ಮೇಲೆ. ಮೊದಲ ಸಾಲಿನ ಎರಡು ತುದಿಗಳಲ್ಲಿ ಇಬ್ಬರು ನಾಯಕರು. ಇಬ್ಬರ ಕಡೆಯವರ ಚೀಲದಲ್ಲೂ ಹಾರ. ಅಧ್ಯಕ್ಷರು ಬಾಗಿಲಲ್ಲಿ ನಿಂತು ತಲೆ ಎಣಿಸುತ್ತಿದ್ದರು.

ಆಗಲೇ ಎಲ್ಲವನ್ನೂ ಬಿಡಿಸಿ ಹೇಳಬಹುದಿತ್ತು. ಹೇಳಿದರೆ ಅರವತ್ತು ಜನ ಎದ್ದುಹೋಗುತ್ತಾರೆ, ಪುಸ್ತಕಗಳು ರದ್ದಿಯವನ ತಕ್ಕಡಿ ಏರುತ್ತವೆ. ನಾನು ಚಾಪೆಯ ಕೆಳಗೆ ತೂರುವ ಪೈಕಿ, ರಂಗೋಲಿಯ ಕೆಳಗೂ ತೂರಿದೆ.

"ನಮ್ಮ ಮೊದಲ ನಾಯಕನಿಗೆ ಕಿವಿ ಕೇಳುವುದಿಲ್ಲ" ಎಂದು ಶುರುಮಾಡಿದೆ.

ಮಾಜಿ ಅಧ್ಯಕ್ಷರು ನೆಟ್ಟಗಾದರು.

"ಇವನಿಂದ ಏನೂ ಆಗುವುದಿಲ್ಲ ಎಂದು ಎಲ್ಲರೂ ಬಾಗಿಲ ಹತ್ತಿರ ಕೂರಿಸಿದ್ದರು. ಯಾರ ಮಾತೂ ಅವನ ಕಿವಿಗೆ ಬೀಳುತ್ತಿರಲಿಲ್ಲ."

ಹೋಟೆಲಿನ ಪಡೆ ಚಪ್ಪಾಳೆ ತಟ್ಟಿತು. ಭಾಷಣದ ಮಧ್ಯೆ ನನಗೆ ಚಪ್ಪಾಳೆ ಬಿದ್ದದ್ದು ಅದೇ ಮೊದಲು. ಉತ್ಸಾಹದಲ್ಲಿ ಮುಂದುವರಿದೆ. "ಎರಡನೆಯ ಕಥೆಯಲ್ಲಿ ಅಡುಗೆಯಾಕೆ. ಎಲ್ಲರೂ ಅವಳ ಕೈಯ ದೋಸೆ ತಿಂದರು, ಮಾತು ಯಾರೂ ಕೇಳಲಿಲ್ಲ. ಅಡುಗೆಮನೆ ಬಿಟ್ಟು ಹೊರಗೆ ಕಾಲಿಡಲು ಬಿಡಲಿಲ್ಲ." ಈಗ ಕಲ್ಯಾಣದ ಪಡೆಯ ಸರದಿ. ಅವರು ಶಿಳ್ಳೆಯನ್ನೂ ಹಾಕಿದರು.

ಒಂದು ಗಂಟೆ ಹೀಗೇ ನಡೆಯಿತು. ಕಿವುಡ ತನ್ನಲ್ಲಿ ಇಲ್ಲದ್ದರಿಂದ ಗೆದ್ದ, ಅಡುಗೆಯಾಕೆ ತನಗೆ ಗೊತ್ತಿದ್ದದ್ದರಿಂದ ಗೆದ್ದಳು, ಇಬ್ಬರಲ್ಲಿ ಯಾರು ದೊಡ್ಡವರು ಎಂದು ಕೇಳಿ ಮುಗಿಸಿದೆ. ಪ್ರಶ್ನೆಗಳಿದ್ದರೆ ಕೇಳಬಹುದು ಎಂದೆ. ಹೋಟೆಲಿನವರು ಎದ್ದುನಿಂತರು.

"ಬರೆದದ್ದು ಸಂತೋಷ" ಎಂದರು. "ನನ್ನನ್ನು ಹೆಂಗಸು ಮಾಡಿದ್ದಕ್ಕೂ ಬೇಜಾರಿಲ್ಲ. ನಾಳೆ ಕೇಸುಗೀಸು ಆಗ್ಬಾರ್ದು ಅಂತ ಬದಲಿಸಿದ್ದು, ಗೊತ್ತಾಗ್ತದೆ. ಹಡಗು ನಕ್ಷತ್ರಕ್ಕೆ ಹೋದದ್ದನ್ನೂ ಒಪ್ಪುವ. ಆದ್ರೆ ಎಸಿ ಹಾಕಿದ ಜಾಗದಲ್ಲಿ ಹಿಟ್ಟು ಒಂದೇ ರಾತ್ರಿಗೆ ಉಬ್ಬಿತು ಅಂದ್ರಲ್ಲ, ಅದನ್ನು ಒಪ್ಪುವ ಹಾಗೇ ಇಲ್ಲ."

೫. ಪೋಟಮಾಳಾ

ಹಿಟ್ಟಿನ ಚರ್ಚೆ ಇಪ್ಪತ್ತು ನಿಮಿಷ ನಡೆದಿರಬೇಕು. ಎರಡು ಪಡೆಗಳೂ ಒಂದಾಗಿ ಮಾತಾಡುತ್ತಿದ್ದವು, ಉದ್ದು ಎಷ್ಟು, ಮೆಂತ್ಯ ಹಾಕಬೇಕೋ ಬೇಡವೋ ಎಂದು. ಆಗ ಹಿಂದಿನಿಂದ ಮೇಸ್ತ್ರಿಯ ದನಿ ಬಂತು. ಲೋಕಲ್ ಇಲ್ಲವೆಂದು ಪತ್ರಿ ಪೂಲ್ ಸೇತುವೆಯವರೆಗೆ ರಿಕ್ಷಾದಲ್ಲಿ ಬಂದು ಅಲ್ಲಿಂದ ನಡೆದುಬಂದಿದ್ದ. ಬೆವರು ಒರೆಸಿಕೊಳ್ಳುತ್ತ ಗೋಡೆಗೆ ಒರಗಿ ನಿಂತಿದ್ದ.

"ಒಂದು ಮಾತು ಹೇಳ್ಲೇನ್ರಿ? ಎರಡೂ ಪುಸ್ತಕ ಓದೀನಿ. ಯಾರು ದೊಡ್ಡೋರು ಅಂತ ಕೇಳಿದ್ರಲ್ರಿ ಅಕ್ಕೋರು. ಇಬ್ಬರೂ ಮೊದಲ ಹ್ಯಾಂಗಿದ್ರೋ ಕಡೀಕೂ ಹಂಗೇ ಅದಾರ್ರಿ. ಅವ ಏನು ಹೊಸಾ ಮಂತ್ರ ಕಲೀಲಿಲ್ಲ, ಈಕಿ ಏನು ಸೈನ್ಸ್ ಕಲೀಲಿಲ್ಲ. ನಮ್ಮ ಕೆಲಸದಾಗೂ ಹಿಂಗೇ ಆಗ್ತದ. ಸಾಹೇಬ್ರು ಎಸ್ಟಿಮೇಟ್ ಕಡಿಮಿ ಹಾಕ್ತಾರ. ಎಸ್ಟಿಮೇಟ್ ಕಡಿಮಿ ಹಾಕಿದ್ರ ಗ್ವಾಡಿ ಸಣ್ಣದಾಗಂಗಿಲ್ರಿ. ಸಿಮೆಂಟ್ ಸಾಲಂಗಿಲ್ಲ, ಅಷ್ಟ."

ನನಗೆ ಆ ಹದಿನಾರು ಪುಟದ ಅಳಿಲು ನೆನಪಾಗಿ ಮುಖ ಬಿಸಿಯಾಯಿತು. ಒಂದು ಗಂಟೆ ನಾನು ತಡಕಾಡಿದ್ದನ್ನು ಅವನು ನಿಂತಲ್ಲೇ ಹೇಳಿದ್ದ.

ಆಮೇಲೆ ಅಧ್ಯಕ್ಷರು ಮೈಕು ತೆಗೆದುಕೊಂಡರು. "ಅರವತ್ತೆಂಟು ಜನ" ಎಂದು ಘೋಷಿಸಿದರು. ನಾನು ಕಣ್ಣುಮುಚ್ಚಿ ದೇವರಿಗೆ ಕೈಮುಗಿದೆ. "ಲೈಬ್ರರಿ ಕಾರ್ಯಕ್ರಮಕ್ಕೆ ಇಷ್ಟು ಜನ ಬರ್ತಾರೆ ಅಂತ ಇವತ್ತು ಸಾಬೀತಾಯ್ತು. ಎಷ್ಟೋ ಜನ ನಿಂತೇ ಕೇಳಿದ್ರು. ಪಾಪ, ಕುರ್ಚಿ ಸಾಲ್ಲಿಲ್ಲ. ಅದಕ್ಕೇ ಇನ್ನೂ ಮೂವತ್ತು ಕುರ್ಚಿ ತರೋಣ. ಅವನ್ನೆಲ್ಲಾ ಇಡೋಕೆ ಲೈಬ್ರರಿ ಕೋಣೆ ಖಾಲಿ ಮಾಡ್ಲೇಬೇಕು. ಬಘೂಯಾ."

ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಗೆದ್ದದ್ದಕ್ಕೇ ಸೋಲುವುದು ನಮ್ಮ ಸಂಘದಲ್ಲಿ ಮಾತ್ರ ಸಾಧ್ಯ. ಮೇಸ್ತ್ರಿ ನನ್ನ ಕೋಣೆಗೆ ಹೋಗಿ ಗೋಡೆ ತಟ್ಟಿ ನೋಡಿದ. ಚಾವಣಿಯತ್ತ ಕೈ ಮಾಡಿ ಗೇಣು ಹಾಕಿದ. "ಇಲ್ಲಿ ಪೋಟಮಾಳಾ ಮಾಡಬಹುದಲ್ರಿ" ಎಂದ. ಮುಂಬಯಿ ಕಡೆಯ ಮನೆಗಳಲ್ಲಿ ತಲೆಯ ಮೇಲೆ ಕಟ್ಟುವ ಸಣ್ಣ ಅಟ್ಟಕ್ಕೆ ಹಾಗೆನ್ನುತ್ತಾರೆ. "ಎರಡು ಭಾನುವಾರದ ಕೆಲಸ. ನಾನೇ ಬಂದು ಮಾಡ್ತೀನಿ."

ಅಧ್ಯಕ್ಷರಿಗೆ ಖುಷಿಯಾಯಿತು. "ಛಲೋ. ಪುಸ್ತಕ ಮೇಲೆ ಹಾಕೋಣ, ಕುರ್ಚಿ ಕೆಳಗಿರಲಿ."

"ಬ್ಯಾಡ್ರಿ. ಕುರ್ಚಿ ಮ್ಯಾಲ ಹೋಗ್ಲಿ. ಪುಸ್ತಕ ವಜ್ಜಿ ಇರ್ತಾವ, ಅಟ್ಟ ತಡೆಯಂಗಿಲ್ಲ."

"ಅದು ನಿಮಗೆ ಹೇಗೆ ಗೊತ್ತು?"

"ಹನ್ನೊಂದು ವರ್ಷ ಆಯ್ತಲ್ರಿ ಸಾಹೇಬ್ರ" ಎಂದ ಮೇಸ್ತ್ರಿ, "ಲೋಕಲ್‌ನ್ಯಾಗ ನಾನೇ ಹೊತ್ತೀನಿ."

೬. ಕೊನೆ

ಕುರ್ಚಿಗಳು ಈಗ ನನ್ನ ತಲೆಯ ಮೇಲಿವೆ, ಪುಸ್ತಕಗಳು ಇದ್ದಲ್ಲೇ ಇವೆ. ಹೋಟೆಲಿನವರು ರಾಕೆಟ್ ಪುಸ್ತಕ ಒಯ್ದು, ದೋಸೆ ಬಂದಲ್ಲೆಲ್ಲ ಪೆನ್ಸಿಲಿನಿಂದ ಅಳತೆ ತಿದ್ದಿ ತಂದುಕೊಟ್ಟರು. ಈಗ ಆ ಪುಸ್ತಕ ಹೆಂಗಸರ ನಡುವೆ ಓಡಾಡುತ್ತಿದೆ, ಅಡುಗೆ ಪುಸ್ತಕ ಎಂದು.

ಅಟ್ಟ ಮುಗಿದ ಮರುವಾರ ಮಾಜಿ ಅಧ್ಯಕ್ಷರು ಬಂದರು. ಒಂಬತ್ತು ವರ್ಷ ಅಧ್ಯಕ್ಷರಾಗಿದ್ದಾಗ ಒಮ್ಮೆಯೂ ಈ ಕೋಣೆಗೆ ಕಾಲಿಟ್ಟವರಲ್ಲ. "ನಿಮ್ಮ ಕಾದಂಬರಿ ಕೊಡಿ" ಎಂದರು. ಸಿಟ್ಟು ಬಂದಿತ್ತೋ ಇಲ್ಲವೋ ಮುಖದಲ್ಲಿ ಗೊತ್ತಾಗಲಿಲ್ಲ.

"ಸಾರ್, ನಿಜವಾಗಿ ಹೇಳ್ತೀನಿ, ಅದು ನಾನು ಬರೆದದ್ದಲ್ಲ."

ಕಿವಿಯ ಯಂತ್ರ ಜೇಬಿನಲ್ಲಿತ್ತು. "ವಿನಯ ಸಾಕು, ಕೊಡಿ" ಎಂದರು. ಕೋಟೆ ಪುಸ್ತಕ ಕೊಟ್ಟೆ. ಖಾಕಿ ರಟ್ಟಿನಲ್ಲಿ ಬರೆದವರ ಹೆಸರಿಲ್ಲದ್ದನ್ನು ನೋಡಿ, ನನಗೆಲ್ಲ ಅರ್ಥವಾಗುತ್ತದೆ ಎಂಬಂತೆ ತಲೆಯಾಡಿಸಿ ಒಯ್ದರು.

ಮೂರು ವಾರ ಸುದ್ದಿಯಿಲ್ಲ. ಅಷ್ಟು ಜನರ ಮುಂದೆ ಕಿವುಡ ಎಂದು ನಗಿಸಿದೆನಲ್ಲ ಎಂದು ನನಗೆ ಒಳಗೇ ಕೊರೆಯುತ್ತಿತ್ತು. ಕಪಾಟು ಉಳಿಸಿಕೊಳ್ಳಲು ಒಬ್ಬ ಹಿರಿಯರ ಮಾನ ಅಡವಿಟ್ಟ ಹಾಗಾಯಿತು ಎನಿಸುತ್ತಿತ್ತು. ನಾಲ್ಕನೇ ಭಾನುವಾರ ಬಂದರು. ಪುಸ್ತಕ ಮೇಜಿನ ಮೇಲಿಟ್ಟು, ಜೇಬಿನಿಂದ ಯಂತ್ರ ತೆಗೆದು, ಕಿವಿಗೆ ಹಾಕಿಕೊಂಡು ಕೂತರು.

"ಬಾಗಿಲು ಹಾಕಿದ ಮೇಲೆ ಕೋಟೇಲಿ ಎಲ್ಲರೂ ಮಲಗಿರ್ತಾರೆ. ಅವನೊಬ್ಬನೇ ಎದ್ದು ಕೂತಿರ್ತಾನೆ, ಮಾತಾಡೋಕೆ ಒಂದು ನರಪಿಳ್ಳೆ ಇರಲ್ಲ. ಆ ಪುಟ ಮೂರು ಸಲ ಓದ್ದೆ." ಯಂತ್ರ ಸರಿಮಾಡಿಕೊಂಡರು. "ಅಧ್ಯಕ್ಷಗಿರಿ ಬಿಟ್ಟ ಮೇಲೆ ಆರು ವರ್ಷ ನಾನೂ ಹಾಗೇ ಕೂತಿದ್ದೆ ಮೇಡಂ. ಒಂದು ಫೋನೂ ಬರ್ತಿರ್ಲಿಲ್ಲ. ಯಾರಿಗೂ ಹೇಳಿರ್ಲಿಲ್ಲ ನಾನು. ನಿಮಗೆ ಹೇಗೆ ಗೊತ್ತಾಯ್ತು?"

ಈಗ ಅವರಿಗೆ ಕೇಳಿಸುತ್ತಿತ್ತು. ನಾನಲ್ಲ ಬರೆದದ್ದು ಎಂದು ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವಂತಿರಲಿಲ್ಲ. ಅವರ ಕಣ್ಣು ಒದ್ದೆಯಾಗಿತ್ತು.

"ಗೊತ್ತಾಗುತ್ತೆ ಸಾರ್" ಎಂದೆ.

ಅವರು ಇನ್ನೊಂದು ಪುಸ್ತಕ ಆರಿಸಿಕೊಂಡು, ಸಹಿ ಮಾಡಿ ಎದ್ದರು. ಹೊಸಿಲು ದಾಟುವಾಗ ತಿರುಗಿ ನಿಂತರು.

"ಕೋಪ ಮಾಡ್ಕೊಳ್ಳಲ್ಲ ಅಂದ್ರೆ ಒಂದು ಮಾತು ಮೇಡಂ. ಎಲ್ಲಾ ಚೆನ್ನಾಗಿ ಬರೆದಿದೀರಿ. ಕೊನೆ ಮಾತ್ರ ಸ್ವಲ್ಪ ಅವಸರ ಆಯ್ತು."